ಮೂರು ಚುಕ್ಕೆಗಳ ಊರಿನಲ್ಲಿ

ಫ್ರಾಂಕ್‌ಫರ್ಟ್ ನಗರದಿಂದ ಉತ್ತರಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆ ಕುಳಿತರೆ ಮಾರ್ಬುರ್ಗ್ ಬರುತ್ತದೆ. ಲಾನ್ ಎಂಬ ಪುಟ್ಟ ನದಿ, ನದಿಯ ಪಕ್ಕದಲ್ಲೇ ಗುಡ್ಡ, ಗುಡ್ಡದ ನೆತ್ತಿಯ ಮೇಲೆ ಹಳೆಯ ಅರಮನೆ. ಅರಮನೆಯ ಬುಡದಿಂದ ಕೆಳಕ್ಕೆ, ಮರದ ತೊಲೆಗಳು ಹೊರಗೇ ಕಾಣುವಂತೆ ಕಟ್ಟಿದ ಮನೆಗಳು ಒಂದರ ಹೆಗಲ ಮೇಲೊಂದು ಕುಳಿತ ಹಾಗೆ ಇಳಿದುಬಂದಿವೆ. ಊರಿನ ಜನಸಂಖ್ಯೆ ಒಂದು ಲಕ್ಷವೂ ಇಲ್ಲ. ಆದರೆ ಇಲ್ಲಿಯ ವಿಶ್ವವಿದ್ಯಾಲಯ ಶುರುವಾದದ್ದು 1527ರಲ್ಲಿ, ಅಂದರೆ ವಿಜಯನಗರದಲ್ಲಿ ಕೃಷ್ಣದೇವರಾಯ ಆಳುತ್ತಿದ್ದ ಕಾಲದಲ್ಲಿ!

ಮಕ್ಕಳೇ, ಸಿಂಡರೆಲಾ ಕಥೆ ನಿಮಗೆಲ್ಲ ಗೊತ್ತಲ್ಲ? ಅಂಥ ಕಥೆಗಳನ್ನು ಅಜ್ಜಿಯರ ಬಾಯಿಂದ, ನೆರೆಹೊರೆಯವರಿಂದ ಕೇಳಿ ಕೂಡಿಹಾಕಿದ ಗ್ರಿಮ್ ಸಹೋದರರು ಕಾನೂನು ಓದಿದ್ದು ಇದೇ ಊರಿನಲ್ಲಿ. ಅದರ ನೆನಪಿಗೆ ಊರಿನ ತುಂಬ ಕಥೆಯ ಗುರುತುಗಳನ್ನಿಟ್ಟಿದ್ದಾರೆ. ಅರಮನೆಗೆ ಹತ್ತುವ ದಾರಿಯಲ್ಲಿ ಒಂದು ಭಾರಿ ಕೆಂಪು ಚಪ್ಪಲಿ ಇದೆ. ಇನ್ನೊಂದು ಕಡೆ ಗೋಡೆಯ ಮೇಲೆ ಬೆಕ್ಕಿನ ಗಾತ್ರದ ನೊಣಗಳು ಕುಳಿತಿವೆ. ಅವು ಧೀರ ದರ್ಜಿಯ ಕಥೆಯ ನೊಣಗಳು. ಬ್ರೆಡ್ಡಿನ ಮೇಲೆ ಕುಳಿತಿದ್ದ ಏಳು ನೊಣಗಳನ್ನು ಒಂದೇ ಹೊಡೆತಕ್ಕೆ ಕೊಂದ ದರ್ಜಿ, ಆ ಸುದ್ದಿಯನ್ನು ಸೊಂಟಪಟ್ಟಿಯ ಮೇಲೆ ಹೊಲಿದುಕೊಂಡು ಲೋಕಸಂಚಾರಕ್ಕೆ ಹೊರಡುತ್ತಾನೆ. ಏಳು ಏನು ಎಂದು ಬರೆದುಕೊಂಡಿರುವುದಿಲ್ಲ. ನೋಡಿದವರೆಲ್ಲ ಏಳು ಜನ ಗಂಡಸರನ್ನೇ ಕೊಂದಿರಬೇಕೆಂದು ಹೆದರಿ ದಾರಿ ಬಿಡುತ್ತಾರೆ!

ಮೊಮ್ಮಗಳು ಪುಟ್ಟಿಗೆ ಒಂಬತ್ತು ವರ್ಷ. ಈ ಕಥೆಯನ್ನು ಅವಳೇ ನನಗೆ ಹೇಳಿದಳು. ಮೈಮೇಲೆ ತೊಟ್ಟ ಒಂದು ಪಟ್ಟಿ ಊರಿಗೆಲ್ಲ ಏನೋ ಸಾರುತ್ತದೆ, ನೋಡಿದವರು ತಮಗೆ ತೋಚಿದಂತೆ ಓದಿಕೊಳ್ಳುತ್ತಾರೆ. ಆ ದಿನ ಮಾರ್ಬುರ್ಗಿನಲ್ಲಿ ಈ ಮಾತು ನನ್ನ ತಲೆಯಲ್ಲಿ ಸುತ್ತುತ್ತಲೇ ಇತ್ತು. ಅದಕ್ಕೆ ಕಾರಣ ನಮ್ಮ ಯಜಮಾನರು.

ಅವರಿಗೆ ಗ್ಲಾಕೋಮಾ. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಸೊರಗುವ ಕಾಯಿಲೆ. ಮೊದಲು ಅಂಚಿನ ನೋಟ ಹೋಗುತ್ತದೆ, ನಡುವಿನದು ಉಳಿದಿರುತ್ತದೆ. ಹೋದದ್ದು ಮರಳಿ ಬರುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಳ್ಳಲು ದಿನವೂ ಹನಿ ಹಾಕಿಕೊಳ್ಳಬೇಕು. ಮಕ್ಕಳೇ, ಇದು ಹೇಗಿರುತ್ತದೆಂದು ತಿಳಿಯಬೇಕೆ? ಒಂದು ಹಾಳೆಯನ್ನು ಕೊಳವೆಯಂತೆ ಸುತ್ತಿ ಒಂದು ಕಣ್ಣಿಗೆ ಹಿಡಿಯಿರಿ, ಇನ್ನೊಂದು ಕಣ್ಣು ಮುಚ್ಚಿ. ಗೋಡೆಯ ಕ್ಯಾಲೆಂಡರಿನ ತಾರೀಕು ಚೆನ್ನಾಗಿ ಕಾಣುತ್ತದೆ. ಕಾಲ ಬಳಿಯ ಸ್ಟೂಲು ಕಾಣುವುದಿಲ್ಲ. (ನಡೆದು ನೋಡುವುದಾದರೆ ಅಜ್ಜಿಯ ಕೈ ಹಿಡಿದುಕೊಂಡು ನಡೆಯಿರಿ.)

ಹೀಗಾಗಿ ಮೈಸೂರಿನ ಸಿಟಿ ಬಸ್ಸಿನಲ್ಲಿ ಇವರು ಪಕ್ಕದವರ ಕಾಲು ತುಳಿಯುತ್ತಾರೆ. ‘ಏನ್ರೀ, ಕಣ್ಣು ಕಾಣಲ್ವಾ?’ ಎಂದು ಬೈಸಿಕೊಳ್ಳುತ್ತಾರೆ. ಆಮೇಲೆ ಸೀಟು ಸಿಕ್ಕಿದ ಕೂಡಲೇ ಪೇಪರ್ ಬಿಡಿಸಿ ಸಣ್ಣಕ್ಷರ ಓದುತ್ತಾರೆ! ಬೈದವನಿಗೆ ಹೇಗಾಗಬೇಡ? ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ ಜೇಬಿನಲ್ಲಿದೆ. ಅದನ್ನು ಕಂಡಕ್ಟರಿಗೆ ತೋರಿಸಬಹುದು. ಎದುರಿಗೆ ಬರುವ ಸ್ಕೂಟರಿಗೆ ತೋರಿಸುವುದು ಹೇಗೆ? ಬಿಳಿ ಕೋಲು ಹಿಡಿಯಿರಿ ಎಂದು ಡಾಕ್ಟರು ಹೇಳಿದಾಗ, ‘ನಾನು ಕುರುಡನಲ್ಲ’ ಎಂದು ಎದ್ದು ಬಂದಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು, ಹಳೇ ಶಿಷ್ಯರು ಬೀದಿ ಬೀದಿಯಲ್ಲಿ ಸಿಗುತ್ತಾರೆ. ಅವರೆದುರು ಕೋಲು ಹಿಡಿದು ಹೋಗುವುದೆಂದರೆ ಇವರಿಗೆ ತಡೆಯದು. ಅದರ ಬದಲು ಹೊರಗೆ ಹೋಗುವುದನ್ನೇ ಕಡಿಮೆ ಮಾಡಿದರು. ಎರಡು ವರ್ಷದಿಂದ ದಸರಾ ದೀಪ ನೋಡಲೂ ಬಂದಿರಲಿಲ್ಲ.

ಮಗಳ ಮನೆಗೆಂದು ಜರ್ಮನಿಗೆ ಹೊರಟ ದಿನ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಮಾತ್ರ ಒಂದು ಪವಾಡ ನಡೆದಿತ್ತು. ಅಲ್ಲಿ ಕೇಳಿದವರಿಗೆ ಹಸಿರು ಪಟ್ಟಿಯೊಂದನ್ನು ಕೊಡುತ್ತಾರೆ, ಕೊರಳಿಗೆ ಹಾಕಿಕೊಳ್ಳಲು. ಅದರ ತುಂಬ ಸೂರ್ಯಕಾಂತಿ ಹೂಗಳ ಚಿತ್ರ. ಹೊರಗೆ ಕಾಣದ ತೊಂದರೆ ಇರುವವರ ಗುರುತು ಅದು. 2016ರಲ್ಲಿ ಲಂಡನ್ನಿನ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಶುರುವಾಗಿ ಈಗ ಹಲವು ದೇಶಗಳಿಗೆ ಹಬ್ಬಿದೆ. ಏನು ತೊಂದರೆ ಎಂದು ಅದು ಹೇಳುವುದಿಲ್ಲ. ಕಿವಿಯೋ ಕಣ್ಣೋ ನೆನಪಿನ ಶಕ್ತಿಯೋ, ಏನೋ ಇದೆ, ಸ್ವಲ್ಪ ನಿಧಾನಿಸಿ ಎನ್ನುತ್ತದೆ ಅಷ್ಟೆ. ಅದೇ ಇವರಿಗೆ ಹಿಡಿಸಿತು. ‘ಹೂವಿನ ಹಾರ ತಾನೇ’ ಎಂದು ಹಾಕಿಕೊಂಡರು. ವಿಮಾನದಲ್ಲಿ ಕುಳಿತ ಕೂಡಲೇ ತೆಗೆದು ಮಡಿಸಿ ಜೇಬಿಗಿಟ್ಟರು.

ಇನ್ನು ಮಾರ್ಬುರ್ಗಿಗೆ ಬರೋಣ. ರೈಲು ನಿಲ್ದಾಣದಿಂದ ಹೊರಗೆ ಬಂದು ನದಿಯ ಸೇತುವೆಯ ಕಡೆ ನಡೆಯುವಾಗಲೇ ಬಿಳಿ ಕೋಲು ಹಿಡಿದ ಇಬ್ಬರು ಹುಡುಗರು ನಮ್ಮನ್ನು ದಾಟಿ ದಾಪುಗಾಲಲ್ಲಿ ಹೋದರು, ನಗುತ್ತಾ, ಜೋರಾಗಿ ಮಾತಾಡುತ್ತಾ. ಅವರ ಹಿಂದೆ ಇನ್ನೊಬ್ಬ ಹುಡುಗಿ. ಇಷ್ಟು ಸಣ್ಣ ಊರಿನಲ್ಲಿ ಇಷ್ಟೊಂದು ಬಿಳಿ ಕೋಲುಗಳೇ ಎಂದು ನನಗೆ ಆಶ್ಚರ್ಯ. ಮಗಳು ವಿವರಿಸಿದಳು. ಮೊದಲ ಮಹಾಯುದ್ಧದಲ್ಲಿ ಗುಂಡು, ಸಿಡಿಮದ್ದುಗಳಿಂದ ಕಣ್ಣು ಕಳೆದುಕೊಂಡ ಎಷ್ಟೋ ತರುಣ ಸೈನಿಕರು ಇಲ್ಲಿಯ ಕಣ್ಣಿನ ಆಸ್ಪತ್ರೆಗೆ ಬಂದರಂತೆ. ಕಾಲೇಜು ಓದಬೇಕೆಂದಿದ್ದವರು ಅವರಲ್ಲಿ ಅನೇಕರು. ಆಸ್ಪತ್ರೆಯ ಮುಖ್ಯಸ್ಥ ಡಾ. ಆಲ್ಫ್ರೆಡ್ ಬೀಲ್‌ಶೋವ್ಸ್ಕಿ ಮತ್ತು ತಾನೂ ಕಣ್ಣು ಕಳೆದುಕೊಂಡಿದ್ದ ವಿದ್ಯಾರ್ಥಿ ಕಾರ್ಲ್ ಶ್ಟ್ರೇಲ್ ಸೇರಿ 1916ರಲ್ಲಿ ಅವರಿಗಾಗಿ ಒಂದು ವಿದ್ಯಾಸಂಸ್ಥೆ ಕಟ್ಟಿದರು. ಅದು ಈಗ ನೂರು ವರ್ಷ ದಾಟಿದೆ. ದೇಶದ ಮೂಲೆಮೂಲೆಯಿಂದ ದೃಷ್ಟಿದೋಷದ ಮಕ್ಕಳು ಇಲ್ಲಿಗೆ ಓದಲು ಬರುತ್ತಾರೆ. ಯುರೋಪಿನಲ್ಲಿ ಔಷಧದ ಪೆಟ್ಟಿಗೆಗಳ ಮೇಲೆ ಬ್ರೈಲ್ ಚುಕ್ಕೆಗಳಲ್ಲಿ ಹೆಸರು ಒತ್ತಿರುತ್ತಾರೆ, ಆ ಚುಕ್ಕೆಗಳ ಅಳತೆಗೆ ‘ಮಾರ್ಬುರ್ಗ್ ಮೀಡಿಯಂ’ ಎಂದೇ ಹೆಸರು. ಅಲ್ಲಿ ಕೊಂಡ ಇವರ ಕಣ್ಣಿನ ಹನಿಯ ಪೆಟ್ಟಿಗೆಯನ್ನು ಆಮೇಲೆ ಸವರಿ ನೋಡಿದೆ. ಸಬ್ಬಕ್ಕಿಯ ನುಚ್ಚು ಅಂಟಿಸಿದಂತೆ ಬೆರಳಿಗೆ ಸಿಕ್ಕಿತು.

ರಸ್ತೆ ದಾಟುವಲ್ಲಿ ಸಿಗ್ನಲ್ ಕಂಬ ‘ಟಕ್ ಟಕ್’ ಎನ್ನುತ್ತಿತ್ತು. ಪುಟ್ಟಿ ತಾತನ ಕೈ ಹಿಡಿದು ಕಂಬದ ಹಳದಿ ಡಬ್ಬಿಯ ಕೆಳಭಾಗಕ್ಕೆ ತಾಗಿಸಿದಳು. ಅಲ್ಲೊಂದು ಉಬ್ಬಿದ ಬಾಣದ ಗುರುತು. ಹಸಿರು ದೀಪ ಬಂದಾಗ ಅದು ಗುಂಯ್ ಎಂದು ನಡುಗಿತು. ‘ಬಾಣ ಯಾವ ಕಡೆಗಿದೆಯೋ ಆ ಕಡೆ ದಾಟ್ಬೇಕು ತಾತ.’ ಇವರು ಇನ್ನೊಂದು ಸಲ ಸಿಗ್ನಲ್ ಬೀಳುವವರೆಗೆ ಅಲ್ಲೇ ನಿಂತು ಮತ್ತೆ ಮುಟ್ಟಿ ನೋಡಿ, ಆಮೇಲೆ ದಾಟಿದರು. ಮೇಷ್ಟರ ಬುದ್ಧಿ!

ಎಲಿಸಬೆತ್ ಚರ್ಚನ್ನು ನೋಡಿಕೊಂಡು ಲಿಫ್ಟಿನಲ್ಲಿ ಮೇಲಿನ ಹಳೆ ಪೇಟೆಗೆ ಹೋದೆವು. (ಹೌದು, ಬೀದಿಯಿಂದ ಬೀದಿಗೆ ಹೋಗಲು ಲಿಫ್ಟು!) ಪೇಟೆಯ ಚೌಕದಲ್ಲಿ ಐನೂರು ವರ್ಷದ ಪುರಭವನವಿದೆ. ಅದರ ಗಡಿಯಾರದ ಮೇಲಿನ ಹುಂಜ ಗಂಟೆಗೊಮ್ಮೆ ರೆಕ್ಕೆ ಬಡಿಯುತ್ತದೆ. ಅದನ್ನು ನೋಡಲು ಕಾಯುತ್ತ ಒಂದು ಬೆಂಚಿನ ಮೇಲೆ ಕುಳಿತೆವು.

ಆ ಬೆಂಚಿನ ಇನ್ನೊಂದು ತುದಿಯಲ್ಲಿ ನನ್ನ ವಯಸ್ಸಿನ ಒಬ್ಬ ಹೆಂಗಸು ಕುಳಿತಿದ್ದರು. ನೀಲಿ ಕೋಟು, ಕೋಟಿನ ಎದೆಯ ಮೇಲೆ ನಮ್ಮ ಜವಾನರ ಬಿಲ್ಲೆಯಂತೆ ಒಂದು ದುಂಡನೆಯ ಹಳದಿ ಬಿಲ್ಲೆ. ಅದರಲ್ಲಿ ಮೂರು ಕಪ್ಪು ಚುಕ್ಕೆ, ಅಡುಗೆಯ ಒಲೆಗೆ ಮೂರು ಕಲ್ಲು ಹೂಡಿದ ಹಾಗೆ. ಅವರು ಕೈಯಲ್ಲಿ ಭೂತಗನ್ನಡಿ ಹಿಡಿದು ಪುಸ್ತಕ ಓದುತ್ತಿದ್ದರು.

ಪುಟ್ಟಿ ಅಮ್ಮನ ಕಿವಿಯಲ್ಲಿ ಕನ್ನಡದಲ್ಲಿ ಉಸುರಿದಳು: ‘ಅಮ್ಮ, ಅದು ಕಣ್ಣು ಕಾಣದವರ ಬಿಲ್ಲೆ. ಇವರು ಓದ್ತಿದ್ದಾರೆ! ಸುಳ್ಳೇ ಹಾಕ್ಕೊಂಡಿದ್ದಾರೆ.’

ಇವರು ಸರಕ್ಕನೆ ತಿರುಗಿದರು. ‘ನಾನೂ ಪೇಪರ್ ಓದ್ತೀನಲ್ಲ ಪುಟ್ಟಿ. ಹಾಗಾದ್ರೆ ನಂದೂ ಸುಳ್ಳಾ?’ ಎಂದರು. ಮಗು ತಲೆ ತಗ್ಗಿಸಿತು. ತಮ್ಮ ಕಣ್ಣಿನ ಬಗ್ಗೆ ಅವರು ಅಷ್ಟು ನೇರವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಾವು ತಮ್ಮನ್ನೇ ನೋಡುತ್ತಿದ್ದೇವೆಂದು ಆಕೆಗೆ ಹೇಗೋ ತಿಳಿಯಿತು. ಮಗಳು ಕ್ಷಮೆ ಕೇಳಿ ವಿಷಯ ಹೇಳಿದಳು. ಆಕೆ ಗಟ್ಟಿಯಾಗಿ ನಕ್ಕು ಪುಟ್ಟಿಯನ್ನು ಹತ್ತಿರ ಕರೆದರು. ಅವರ ಕಾಯಿಲೆ ಇವರದಕ್ಕೆ ತಿರುಗುಮುರುಗು. ಅಂಚೆಲ್ಲ ಕಾಣುತ್ತದೆ, ನಡುವೆ ಮಾತ್ರ ಮಸಿ ಚೆಲ್ಲಿದ ಹಾಗೆ ಕಪ್ಪು. ಮೇಜು ಕುರ್ಚಿಗಳ ನಡುವೆ ಸಲೀಸಾಗಿ ನಡೆಯಬಲ್ಲರು, ಎದುರಿಗೆ ನಿಂತವರ ಮುಖ ಗುರುತು ಹತ್ತದು. ಬಸ್ಸಿನ ನಂಬರ್ ಕಾಣದು. ಪುಸ್ತಕವನ್ನು ಭೂತಗನ್ನಡಿಯಲ್ಲಿ ಒಂದೊಂದೇ ಪದ ಹೆಕ್ಕಿ ಓದಬೇಕು. ‘ಪಕ್ಕದ ಮನೆಯವಳು ನನ್ನ ಜೊತೆ ಮಾತು ಬಿಟ್ಟಿದ್ದಳು. ದಾರಿಯಲ್ಲಿ ಸಿಕ್ಕರೂ ನಮಸ್ಕಾರ ಹೇಳೋದಿಲ್ಲ, ಜಂಬ ಅಂತ. ಈ ಬಿಲ್ಲೆ ಹಾಕಿದ ಮೇಲೆ ಅವಳೇ ಬಂದು ಹೆಸರು ಹೇಳಿ ಮಾತಾಡಿಸ್ತಾಳೆ,’ ಎಂದರಂತೆ. ಇದನ್ನು ಮಗಳು ಕನ್ನಡಕ್ಕೆ ತಿರುಗಿಸುತ್ತಿದ್ದ ಹಾಗೆ ಇವರು, ‘ಅವರ ಅಂಚು, ನನ್ನ ನಡು ಸೇರಿಸಿದರೆ ಒಂದು ಪೂರ್ತಿ ಕಣ್ಣಾಗುತ್ತೆ ಅಂತ ಹೇಳು,’ ಎಂದರು. ಬೆಂಚಿನ ಆ ತುದಿಯಿಂದ ಮತ್ತೆ ನಗು.

ಪೂರಾ ಕಾಣದವರ ಕೈಯಲ್ಲಿ ಉದ್ದನೆ ಕೋಲಿರುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಅರ್ಧ ಕಾಣುವವರ ಪಾಡು ಬೇರೆ. ಅವರು ಎಡವಿದರೆ ಕುಡಿದಿದ್ದಾರೆ ಎನ್ನುತ್ತಾರೆ, ಓದಿದರೆ ನಾಟಕ ಎನ್ನುತ್ತಾರೆ. ಹೇಳಿಕೊಳ್ಳುವ ಅಗತ್ಯ ಹೆಚ್ಚಾಗಿ ಇರುವುದು ಇವರಿಗೇ ಅಲ್ಲವೆ?

ಜರ್ಮನಿಯಲ್ಲಿ ಈ ಮೂರು ಚುಕ್ಕೆಗೆ ಕಾನೂನಿನ ಬಲವಿದೆ. ಎರಡೂ ತೋಳಿಗೆ ಹಳದಿ ಪಟ್ಟಿ ಕಟ್ಟಿಕೊಳ್ಳಬಹುದು, ಇಲ್ಲವೆ ಚೆನ್ನಾಗಿ ಕಾಣುವಂಥ ಬಿಲ್ಲೆ ಧರಿಸಬಹುದು. ಬಿಳಿ ಕೋಲನ್ನೋ, ಬಿಳಿ ಪಟ್ಟಿ ತೊಟ್ಟ ದಾರಿ ತೋರುವ ನಾಯಿಯನ್ನೋ ಜೊತೆಗಿಟ್ಟುಕೊಳ್ಳಬಹುದು. ಬೇರೆಯವರು ರಸ್ತೆಯಲ್ಲಿ ಈ ಗುರುತನ್ನು ಬಳಸುವಂತಿಲ್ಲ. ಹಾಗೆಂದು ಎಲ್ಲರೂ ತೊಡುತ್ತಾರೆಂದಲ್ಲ. ಕಳ್ಳರಿಗೆ ನಾವೇ ಸುಳಿವು ಕೊಟ್ಟಂತೆ ಎಂದು ಕೆಲವರಿಗೆ ಭಯ. ಕೆಲವರಿಗೆ ಅಯ್ಯೋ ಪಾಪ ಎನ್ನಿಸಿಕೊಳ್ಳುವುದು ಬೇಡ. ಬೆಂಚಿನ ಆಕೆಯೂ ರೈಲು, ಬಸ್ಸು, ಪೇಟೆಗೆ ಮಾತ್ರ ಬಿಲ್ಲೆ ಹಾಕುತ್ತಾರೆ. ಹೋಟೆಲಿನಲ್ಲಿ ಗೆಳತಿಯರ ಜೊತೆ ಕುಳಿತಾಗ ತೆಗೆದು ಚೀಲಕ್ಕೆ ಹಾಕುತ್ತಾರೆ. ಯಾಕೆ ಎಂದು ಪುಟ್ಟಿ ಕೇಳಿದ್ದಕ್ಕೆ, ‘ಕಾಫಿ ಕುಡಿಯೋಕೆ ಕಣ್ಣು ಬೇಕಾ?’ ಎಂದರು. ಇನ್ನೊಂದು ಮಾತನ್ನೂ ಅವಳಿಗೆ ಹೇಳಿದರು: ಯಾರ ಮೈಮೇಲಾದರೂ ಈ ಚುಕ್ಕೆ ಕಂಡರೆ ಕೈ ಹಿಡಿದು ಎಳೆಯಬೇಡ, ಸಹಾಯ ಬೇಕೇ ಎಂದು ಮೊದಲು ಬಾಯಲ್ಲಿ ಕೇಳು. ಬೇಡ ಎಂದರೆ ಬೇಸರ ಮಾಡಿಕೊಳ್ಳದೆ ಹೋಗು.

ಅಷ್ಟರಲ್ಲಿ ಹುಂಜ ರೆಕ್ಕೆ ಬಡಿದದ್ದು ನಾಲ್ವರಿಗೂ ತಪ್ಪಿಹೋಯಿತು.

ಸಂಜೆ ರೈಲಿನಲ್ಲಿ ಮಗಳು ಮೆಲ್ಲಗೆ, ‘ಅಪ್ಪ, ನಿಮಗೂ ಒಂದು ಬಿಲ್ಲೆ ತರಿಸಲಾ?’ ಎಂದಳು. ‘ಮೈಸೂರಲ್ಲಿ ಮೂರು ಚುಕ್ಕೆ ಅಂಟಿಸಿಕೊಂಡು ಹೋದರೆ ಯಾವ ಪಾರ್ಟಿ ಸಾರ್ ಅಂತ ಕೇಳ್ತಾರೆ,’ ಎಂದರು ಇವರು. ಮಾತು ಹಾರಿಸಿದರು ಎಂದುಕೊಂಡೆ, ಆದರೆ ಯೋಚಿಸಿದರೆ ಅದು ಸರಿಯಾದ ಲೆಕ್ಕವೇ. ನೋಡುವವನಿಗೆ ಅರ್ಥ ಗೊತ್ತಿರದಿದ್ದರೆ ಗುರುತು ದರ್ಜಿಯ ಸೊಂಟಪಟ್ಟಿಯೇ ಆಗುತ್ತದೆ. ಒಂದೊಂದು ದೇಶದ್ದು ಒಂದೊಂದು ಭಾಷೆ. ಜಪಾನಿನಲ್ಲಿ ಕೆಂಪು ಬಿಲ್ಲೆಯ ಮೇಲೆ ಬಿಳಿ ಕೂಡುಗುರುತು ಮತ್ತು ಹೃದಯದ ಚಿತ್ರವಿರುವುದನ್ನು ಚೀಲಕ್ಕೆ ತೂಗುಹಾಕಿಕೊಳ್ಳುತ್ತಾರೆ. 2012ರಲ್ಲಿ ಟೋಕಿಯೋದಲ್ಲಿ ಬಂದದ್ದು. ಅರ್ಜೆಂಟೀನಾದಲ್ಲಿ ಅರ್ಧ ಕಾಣುವವರಿಗೆಂದೇ ಹಸಿರು ಕೋಲು. ಇಂಗ್ಲೆಂಡಿನಲ್ಲಿ ಬಿಳಿ ಕೋಲಿನ ಮೇಲೆ ಕೆಂಪು ಪಟ್ಟೆಗಳಿದ್ದರೆ ಆ ವ್ಯಕ್ತಿಗೆ ಕಿವಿಯೂ ಕೇಳದು ಎಂದರ್ಥ, ಹಾರನ್ ಹೊಡೆದು ಪ್ರಯೋಜನವಿಲ್ಲ.

ನಮ್ಮಲ್ಲಿ? ಹಿರಿಯ ಓದುಗರಿಗೆ ನೆನಪಿರಬಹುದು, ಡಾ. ಎಂ.ಸಿ. ಮೋದಿಯವರು ಊರೂರಿನಲ್ಲಿ ಕಣ್ಣಿನ ಶಿಬಿರ ನಡೆಸುತ್ತಿದ್ದ ಕಾಲ. ಪೊರೆ ತೆಗೆಸಿಕೊಂಡು ಬಂದವರ ಕಣ್ಣಿಗೆ ಹಸಿರು ಬಟ್ಟೆಯ ಮರೆ ಕಟ್ಟಿರುತ್ತಿತ್ತು. ಆ ಹಸಿರು ಕಂಡರೆ ಸಾಕು, ಬಸ್ಸಿನಲ್ಲಿ ಎದ್ದು ಸೀಟು ಕೊಡುತ್ತಿದ್ದರು, ಮಕ್ಕಳು ಮೈಮೇಲೆ ಬೀಳುತ್ತಿರಲಿಲ್ಲ. ಯಾರೂ ಕಾನೂನು ಮಾಡದೆಯೇ ಅದೊಂದು ಗುರುತಾಗಿತ್ತು.

ಈಗ ಎಲ್ಲರಿಗೂ ತಿಳಿಯುವಂಥದ್ದು ಬಿಳಿ ಕೋಲೊಂದೇ. 1921ರಲ್ಲಿ ಬ್ರಿಸ್ಟಲ್ ಊರಿನ ಜೇಮ್ಸ್ ಬಿಗ್ಸ್ ಎಂಬ ಛಾಯಾಗ್ರಾಹಕ ಅಪಘಾತದಲ್ಲಿ ಕಣ್ಣು ಕಳೆದುಕೊಂಡ ಮೇಲೆ, ಮೋಟಾರುಗಳ ಭಯಕ್ಕೆ ತನ್ನ ಊರುಗೋಲಿಗೆ ಬಿಳಿ ಬಣ್ಣ ಬಳಿದನಂತೆ. ಹತ್ತು ವರ್ಷದ ನಂತರ, 1931ರಲ್ಲಿ, ಪ್ಯಾರಿಸ್ಸಿನಲ್ಲಿ ಗಿಯಿ ದೆರ್ಬ್‌ಮೋಂ ಎಂಬ ಮಹಿಳೆ ಬಿಳಿ ಕೋಲು ಹಂಚುವುದನ್ನೇ ಒಂದು ಚಳವಳಿ ಮಾಡಿದಳು. ನಮ್ಮ ದೇಶದ ಚಾಲಕರಿಗೂ ಇದು ಪಾಠ. ನಿಮ್ಮ ಮನೆಯಲ್ಲಿ ಅಣ್ಣನೋ ಅಕ್ಕನೋ ಹೊಸದಾಗಿ ಎಲ್ಎಲ್ ಪರೀಕ್ಷೆಗೆ ಓದುತ್ತಿದ್ದರೆ ಪ್ರಶ್ನೆಗಳ ಪಟ್ಟಿ ಇಸಿದುಕೊಂಡು ನೋಡಿ. ಬಿಳಿ ಕೋಲು ಹಿಡಿದು ರಸ್ತೆ ದಾಟುವವರು ಕಂಡರೆ ಏನು ಮಾಡಬೇಕು ಎಂಬ ಪ್ರಶ್ನೆ ಅದರಲ್ಲಿದೆ. ಆ ಕೋಲನ್ನೇ ವಾಹನ ನಿಲ್ಲಿಸುವ ಸಂಕೇತವೆಂದು ತಿಳಿಯಬೇಕು ಎಂಬುದು ಸರಿಯುತ್ತರ.

ಇದನ್ನು ಇವರಿಗೆ ತೋರಿಸಿದ್ದು ನಮ್ಮ ಭಾವನ ಮಗ, ನಾವು ಮೈಸೂರಿಗೆ ವಾಪಸ್ಸು ಬಂದ ವಾರ. ಇವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ‘ಇದು ಕುರುಡರ ಕೋಲು ಅಂತ ಎಲ್ಲಿ ಬರೆದಿದೆ, ರಸ್ತೆ ಸಂಕೇತ ಅಂತ ಬರೆದಿದೆ,’ ಎಂದರು. ನಾನು ಬಾಯಿ ಬಿಡಲಿಲ್ಲ. ಕುರುಡ ಎಂಬ ಪದ ಅದೇ ಪ್ರಶ್ನೆಯ ಮೊದಲ ಸಾಲಿನಲ್ಲೇ ಇತ್ತು.

ಮಾರನೆಯ ದಿನ ಮಡಿಸುವ ಕೋಲು ಮನೆಗೆ ಬಂತು. ನಾಲ್ಕು ತುಂಡು, ಒಳಗೆ ಎಲಾಸ್ಟಿಕ್ ದಾರ, ಮಡಿಸಿದರೆ ಕೈಚೀಲದಲ್ಲಿ ಹಿಡಿಯುತ್ತದೆ. ಮೊದಲ ಪ್ರಯೋಗ ಕೆ.ಆರ್. ಸರ್ಕಲ್ಲಿನಲ್ಲಿ. ಕೋಲು ಬಿಡಿಸಿ ಮುಂದಕ್ಕೆ ಹಿಡಿದರು. ಸಿಟಿ ಬಸ್ಸು ನಿಂತಿತು. ಆಟೋ ನಿಂತಿತು. ಒಂದು ಬೈಕು ನಿಲ್ಲಲಿಲ್ಲ. ಅವನು ಯಾವ ಪರೀಕ್ಷೆ ಪಾಸು ಮಾಡಿದ್ದನೋ! ಇನ್ನೊಂದು ದಿನ, ಸುಮ್ಮನೆ ನನಗಾಗಿ ಕಾಯುತ್ತಾ ನಿಂತಿದ್ದವರನ್ನು ಒಬ್ಬ ಸಜ್ಜನ ಹುಡುಗ ಕೈ ಹಿಡಿದು ರಸ್ತೆಯ ಆ ಬದಿಗೆ ದಾಟಿಸಿಬಿಟ್ಟ. ನಾನು ಹೂವು ಕೊಂಡು ಬರುವಷ್ಟರಲ್ಲಿ ಇವರು ಎದುರು ಫುಟ್‌ಪಾತಿನಲ್ಲಿ! ಮಾರ್ಬುರ್ಗಿನ ಆಕೆ ಹೇಳಿದ್ದನ್ನು ಇಲ್ಲಿಯೂ ಯಾರಾದರೂ ಮಕ್ಕಳಿಗೆ ಹೇಳಿಕೊಟ್ಟರೆ ಒಳ್ಳೆಯದಿತ್ತು.

ನಮ್ಮ ಬೀದಿಯಲ್ಲಿ, ಪಾರ್ಕಿನ ಗೆಳೆಯರ ಬೆಂಚಿನ ಬಳಿ ಇವರು ಇವತ್ತಿಗೂ ಕೋಲು ಬಿಡಿಸುವುದಿಲ್ಲ. ಪಾರ್ಕಿನ ಗೇಟು ಬರುತ್ತಿದ್ದಂತೆ ಅದು ಪಟಪಟನೆ ಮಡಿಕೆಯಾಗಿ ಚೀಲದೊಳಗೆ ಹೋಗುತ್ತದೆ. ನಾನು ಏನೂ ಹೇಳುವುದಿಲ್ಲ. ಆಕೆಯೂ ಕಾಫಿ ಕುಡಿಯುವಾಗ ಬಿಲ್ಲೆ ತೆಗೆಯುತ್ತಿದ್ದರಲ್ಲ!

ಈ ಸಲ ನವರಾತ್ರಿಯ ಆರನೇ ದಿನ ಸಂಜೆ, ‘ದೀಪ ನೋಡ್ಕೊಂಡು ಬರೋಣ ನಡಿ,’ ಎಂದು ಅವರೇ ಚಪ್ಪಲಿ ಮೆಟ್ಟಿದರು. ಕತ್ತಲಾದರೆ ಇವರಿಗೆ ಇನ್ನೂ ಕಷ್ಟ, ಜೊತೆಗೆ ಸಯ್ಯಾಜಿ ರಾವ್ ರಸ್ತೆಯ ಆ ಜನ! ಬಲಗೈಯಲ್ಲಿ ಕೋಲು, ಎಡಗೈ ನನ್ನ ಮೊಣಕೈ ಮೇಲೆ. ಬಲೂನು ಮಾರುವವನು ಒಂದು ಹೆಜ್ಜೆ ಹಿಂದೆ ಸರಿದ. ಒಬ್ಬಾಕೆ ಮಗುವನ್ನು ತನ್ನ ಕಡೆ ಎಳೆದುಕೊಂಡಳು. ದೇವರಾಜ ಮಾರುಕಟ್ಟೆಯ ಹತ್ತಿರ ಯಾರೋ, ‘ಸಾರ್, ನಾನು ತೊಂಬತ್ತೆಂಟನೇ ಬ್ಯಾಚು, ನಿಮ್ಮ ಸ್ಟೂಡೆಂಟು,’ ಎಂದು ಹೆಸರು ಹೇಳಿ ಮುಂದೆ ಬಂದು ನಿಂತ. ಇವರು ಕೋಲನ್ನು ಮಡಿಸಲು ಹೋಗಲಿಲ್ಲ. ‘ಗಣಿತದಲ್ಲಿ ಎಷ್ಟು ಬಂದಿತ್ತಯ್ಯ ನಿನಗೆ?’ ಎಂದು ಕೇಳಿದರು.